ಆರರಿಂದ ಎಂಟನೇ ತರಗತಿಯ ಗಣಿತ: ಗೈಡ್, ನೋಟ್ಸ್, ವರ್ಕ್‌ಬುಕ್, ಆ್ಯಪ್ – ನಿಮ್ಮ ಮಗುವಿಗೆ ಯಾವುದು ಬೇಕು?

ಮೊದಲ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂತೆಂದರೆ ಹೆತ್ತವರ ಪ್ರಶ್ನೆಗಳೂ ಶುರು. "ಮೇಡಂ, ಗಣಿತಕ್ಕೆ ಯಾವ ಗೈಡ್ ಒಳ್ಳೇದು?" "ಫೋನಿನಲ್ಲಿ ಆ್ಯಪ್ ಹಾಕಿಕೊಟ್ಟರೆ ಸಾಕಾ?" "ಪಕ್ಕದ ಮನೆಯವರು ವರ್ಕ್‌ಬುಕ್ ತಂದಿದ್ದಾರೆ, ನಾವೂ ತರಬೇಕಾ?" ಈ ತರಗತಿಗಳಿಗೆ ಗಣಿತ ಹೇಳಿಕೊಡುವ ನನಗೆ ಸುಮ್ನೆ ಒಂದು ಹೆಸರು ಹೇಳಿ ಕಳಿಸಲು ಮನಸ್ಸು ಬರುವುದಿಲ್ಲ. ಒಂದು ಮಗುವಿಗೆ ತುರ್ತಾಗಿ ಬೇಕಾದದ್ದು ಇನ್ನೊಂದು ಮಗುವಿಗೆ ಬೇಡವೇ ಬೇಡ.

ಹಾಗಾಗಿ ಪುಸ್ತಕದಂಗಡಿಗೆ ಹೋಗುವ ಮೊದಲು ಆ ಉತ್ತರಪತ್ರಿಕೆಯನ್ನೇ ಇನ್ನೊಮ್ಮೆ ಬಿಡಿಸಿ ನೋಡಿ. ಅಂಕ ಎಷ್ಟು ಅನ್ನುವುದನ್ನು ಸ್ವಲ್ಪ ಹೊತ್ತು ಬಿಡಿ. ತಪ್ಪು ಎಲ್ಲಿ, ಯಾವ ಬಗೆಯದು ಅಂತ ನೋಡಿ. ಯಾವ ಸಾಮಗ್ರಿ ತರಬೇಕು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ತಪ್ಪನ್ನು ಓದುವುದು

ಆರನೇ ತರಗತಿಯಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ಲೆಕ್ಕ ಇದು: 2/3 + 1/4 = 3/7. ಮಗು ಮೇಲಿನ ಅಂಕಿಗಳನ್ನು ಕೂಡಿದೆ, ಕೆಳಗಿನ ಅಂಕಿಗಳನ್ನೂ ಕೂಡಿದೆ. ಕೂಡುವುದು ಅದಕ್ಕೆ ಚೆನ್ನಾಗಿಯೇ ಬರುತ್ತದೆ. ಆದರೆ 2/3 ಅಂದರೆ ಅರ್ಧಕ್ಕಿಂತ ಜಾಸ್ತಿ. ಅದಕ್ಕೆ ಇನ್ನೂ ಒಂದಿಷ್ಟು ಸೇರಿಸಿದ ಮೇಲೆ ಬಂದಿರುವ 3/7 ಅರ್ಧಕ್ಕಿಂತ ಕಡಿಮೆ! ಇದು ಹೇಗಾಯಿತು ಅಂತ ಮಗುವಿಗೆ ಅನುಮಾನವೇ ಬಂದಿಲ್ಲ. ಭಿನ್ನರಾಶಿ ಅದಕ್ಕೆ ಒಂದು ಸಂಖ್ಯೆಯಾಗಿ ಕಾಣುತ್ತಿಲ್ಲ. ಗೆರೆಯ ಮೇಲೊಂದು, ಕೆಳಗೊಂದು ಬಿಡಿ ಅಂಕಿಯಾಗಿ ಕಾಣುತ್ತಿದೆ. 0.5ಕ್ಕಿಂತ 0.35 ದೊಡ್ಡದು ಅಂತ ಬರೆಯುವ ಮಗುವಿನ ಕಷ್ಟವೂ ಇದೇ. 35 ದೊಡ್ಡದು, 5 ಚಿಕ್ಕದು ಅಂತ ಅದು ಓದಿಕೊಂಡಿದೆ. ಐವತ್ತು ಪೈಸೆ, ಮೂವತ್ತೈದು ಪೈಸೆ ಅಂದರೆ ತಕ್ಷಣ ಸರಿಯಾಗಿ ಹೇಳುತ್ತದೆ. ಇಂಥ ಮಗುವಿಗೆ ಐವತ್ತು ಲೆಕ್ಕದ ವರ್ಕ್‌ಶೀಟ್ ಕೊಟ್ಟರೆ ಅದೇ ತಪ್ಪು ಐವತ್ತು ಸಲ ಗಟ್ಟಿಯಾಗುತ್ತದೆ, ಅಷ್ಟೆ.

ಇನ್ನೊಂದು ಮಗು ಅದೇ ಲೆಕ್ಕಕ್ಕೆ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) 12 ಅಂತ ಸರಿಯಾಗಿ ತೆಗೆದಿದೆ, 8/12 + 3/12 ಅಂತಲೂ ಬರೆದಿದೆ, ಕೊನೆಗೆ 12/12 ಅಂತ ಮುಗಿಸಿದೆ. ಅಥವಾ ನಡುವೆ ಎಲ್ಲೋ 7 × 8 = 54 ಅಂತ ಬರೆದಿದೆ. ಇದಕ್ಕೆ ವಿಷಯ ಗೊತ್ತಿದೆ, ಕೈ ಪಳಗಿಲ್ಲ. ಮಗ್ಗಿ ಗಟ್ಟಿಯಿಲ್ಲ. ಇದಕ್ಕೆ ವರ್ಕ್‌ಬುಕ್ ಬೇಕು, ವಿಡಿಯೋ ಬೇಡ.

ಮೂರನೆಯದು ಏಳು, ಎಂಟನೇ ತರಗತಿಯಲ್ಲಿ ಜಾಸ್ತಿ. "20% ರಿಯಾಯಿತಿಯಲ್ಲಿ ಅಂಗಿಯೊಂದು 480 ರೂಪಾಯಿಗೆ ಸಿಕ್ಕಿತು. ಅದರ ಮೊದಲಿನ ಬೆಲೆ ಎಷ್ಟು?" ಮಗು 480ರ 20% ಅಂದರೆ 96 ಅಂತ ತೆಗೆದು, ಎರಡನ್ನೂ ಕೂಡಿ 576 ಅಂತ ಬರೆಯುತ್ತದೆ. ಗುಣಾಕಾರ ಸರಿ, ಶೇಕಡಾ ತೆಗೆಯುವ ಕ್ರಮವೂ ಸರಿ. ರಿಯಾಯಿತಿ ಕೊಟ್ಟದ್ದು 480ರ ಮೇಲಲ್ಲ, ಮೊದಲಿನ ಬೆಲೆಯ ಮೇಲೆ ಅನ್ನುವುದು ಮಾತ್ರ ತಪ್ಪಿಹೋಗಿದೆ. ಉತ್ತರ 600. ಈ ಮಗುವಿಗೆ ಬೇಕಾದದ್ದು ಪ್ರಶ್ನೆ ಓದುವ ಅಭ್ಯಾಸ. ಲೆಕ್ಕ ಬಿಡಿಸಿಟ್ಟ ಗೈಡಿನಿಂದ ಅದು ಬರುವುದಿಲ್ಲ.

ಒಂದೇ ಮಗುವಿನಲ್ಲಿ ಮೂರೂ ಇರಬಹುದು. ಆದರೂ ಯಾವುದಾದರೂ ಒಂದು ಎದ್ದು ಕಾಣುತ್ತದೆ. ಅದನ್ನು ಇಟ್ಟುಕೊಂಡೇ ಮುಂದಿನದನ್ನು ಓದಿ.

ಪಠ್ಯಪುಸ್ತಕವನ್ನು ಪೂರ್ತಿ ಬಳಸಿದ್ದೀರಾ?

ದುಡ್ಡು ಕೊಟ್ಟು ತರುವುದಕ್ಕಿಂತ ಮೊದಲು ಇದು. ಪಠ್ಯಪುಸ್ತಕದಲ್ಲಿ ಪ್ರತಿ ಅಭ್ಯಾಸಕ್ಕೂ ಮುಂಚೆ ಬಿಡಿಸಿದ ಉದಾಹರಣೆಗಳಿವೆ. ಬಹಳ ಮಕ್ಕಳು ಅವನ್ನು ಹಾರಿಸಿ ನೇರ ಅಭ್ಯಾಸಕ್ಕೆ ಹೋಗುತ್ತಾರೆ. ಉದಾಹರಣೆಯ ಉತ್ತರವನ್ನು ಕೈಯಿಂದ ಮುಚ್ಚಿ, ಮಗುವೇ ಬಿಡಿಸಿ, ಆಮೇಲೆ ತೆರೆದು ತಾಳೆ ನೋಡಲಿ. ಇಷ್ಟು ಮಾಡಿದರೆ ಪುಸ್ತಕದಲ್ಲಿರುವ ಲೆಕ್ಕಗಳ ಸಂಖ್ಯೆಯೇ ಹೆಚ್ಚಾದ ಹಾಗೆ.

ರಾಜ್ಯ ಪಠ್ಯಕ್ರಮದವರಿಗೆ ಇನ್ನೊಂದು ಅನುಕೂಲ ಇದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ ಮಾಧ್ಯಮದ ಪುಸ್ತಕವೂ ಇಂಗ್ಲಿಷ್ ಮಾಧ್ಯಮದ ಪುಸ್ತಕವೂ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಐದನೇ ತರಗತಿವರೆಗೆ ಕನ್ನಡದಲ್ಲಿ ಓದಿ ಆರಕ್ಕೋ ಎಂಟಕ್ಕೋ ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಗುವಿದ್ದರೆ ಎರಡನ್ನೂ ಇಳಿಸಿಕೊಂಡು ಅಕ್ಕಪಕ್ಕ ಇಟ್ಟುಕೊಳ್ಳಿ. ಪಾಠ ಅದೇ, ಲೆಕ್ಕ ಅದೇ. ಪ್ರಶ್ನೆ ಕನ್ನಡದಲ್ಲಿ ಓದಿದಾಗ ಮಗು ಬಿಡಿಸಿತು, ಇಂಗ್ಲಿಷಿನಲ್ಲಿ ಓದಿದಾಗ ಬಿಡಿಸಲಿಲ್ಲ ಅಂದರೆ ತೊಂದರೆ ಗಣಿತದ್ದಲ್ಲ ಅಂತ ನಿಮಗೇ ಗೊತ್ತಾಗುತ್ತದೆ. ಅದಕ್ಕಾಗಿ ಟ್ಯೂಷನ್ ಹುಡುಕಬೇಕಿಲ್ಲ. ಮನೆಯಲ್ಲಿ ದಿನಕ್ಕೆ ಎರಡು ಲೆಕ್ಕ ಎರಡೂ ಭಾಷೆಯಲ್ಲಿ ಓದಿಸಿದರೆ ಸಾಕು.

ಸಿಬಿಎಸ್‌ಇ ಮಕ್ಕಳಿಗೆ ಒಂದು ಎಚ್ಚರಿಕೆಯ ಮಾತು. ಅವರ ಪಠ್ಯಪುಸ್ತಕ ರೂಪಿಸುವ ಎನ್‌ಸಿಇಆರ್‌ಟಿ ತನ್ನ ಗಣಿತ ಪುಸ್ತಕವನ್ನೇ ಬದಲಾಯಿಸಿದೆ. 'ಗಣಿತ ಪ್ರಕಾಶ್' ಅನ್ನುವ ಹೊಸ ಪುಸ್ತಕ ಆರನೇ ತರಗತಿಗೆ 2024ರಲ್ಲಿ, ಏಳು ಮತ್ತು ಎಂಟಕ್ಕೆ 2025ರಲ್ಲಿ ಬಂತು. ಪಾಠಗಳ ಹೆಸರು, ಕ್ರಮ, ಕೇಳುವ ಬಗೆ ಎಲ್ಲ ಬೇರೆ. ಆದರೆ ಹಳೆಯ ಪುಸ್ತಕದ ನೋಟ್ಸು, ಗೈಡು, ಪಿಡಿಎಫ್ ಇನ್ನೂ ವಾಟ್ಸಾಪಿನಲ್ಲಿ ಓಡಾಡುತ್ತಿವೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕ ತರುವಾಗಲೂ ಶಾಲೆ ಕೊಟ್ಟ ಪುಸ್ತಕದ ಪರಿವಿಡಿಯ ಫೋಟೋ ಫೋನಿನಲ್ಲಿರಲಿ, ಹೋಲಿಸಿ ನೋಡಿ ತನ್ನಿ.

ಹೊಸ ಪುಸ್ತಕದಲ್ಲಿ ಒಂದೇ ತರಹದ ಲೆಕ್ಕಗಳ ಉದ್ದ ಪಟ್ಟಿ ಕಡಿಮೆ, ಯೋಚಿಸಿ ಹುಡುಕುವ ಕೆಲಸ ಜಾಸ್ತಿ. ನನಗೆ ಇದು ಇಷ್ಟ. ಆರನೇ ತರಗತಿ ಪುಸ್ತಕದಲ್ಲಿ ಕಾಪ್ರೇಕರ್ ಸ್ಥಿರಾಂಕ ಬರುತ್ತದೆ. ಡಿ.ಆರ್. ಕಾಪ್ರೇಕರ್ ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ನಾಲ್ಕು ಅಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೆ. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ಇಸವಿ 1973 ಇರಲಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಕಳೆಯಿರಿ: 9731 − 1379 = 8352. ಮತ್ತೆ ಹಾಗೇ: 8532 − 2358 = 6174. ಯಾವ ಸಂಖ್ಯೆಯಿಂದ ಹೊರಟರೂ ಕೊನೆಗೆ 6174ಕ್ಕೇ ಬಂದು ನಿಲ್ಲುತ್ತದೆ. ತಮ್ಮ ಹುಟ್ಟಿದ ಇಸವಿ, ಅಪ್ಪನ ಗಾಡಿ ನಂಬರ್ ಅಂತ ಮಕ್ಕಳು ಹಾಕಿ ಹಾಕಿ ನೋಡುತ್ತಾರೆ. ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಇಷ್ಟು ಖುಷಿಯಿಂದ ಮಾಡಿಸುವ ವರ್ಕ್‌ಶೀಟನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಕೈ ಪಳಗದ ಮಗುವಿಗೆ ಈ ಪುಸ್ತಕ ಒಂದೇ ಸಾಲದು. ಜೊತೆಗೆ ಅಭ್ಯಾಸಕ್ಕೆ ಏನಾದರೂ ಬೇಕಾಗುತ್ತದೆ.

ಗೈಡ್ ಮತ್ತು ರೆಡಿಮೇಡ್ ನೋಟ್ಸ್

ಗೈಡಿನಲ್ಲಿ ಪಠ್ಯಪುಸ್ತಕದ ಪ್ರತಿ ಪ್ರಶ್ನೆಗೂ ಉತ್ತರ ಇರುತ್ತದೆ. ಅದೇ ಅದರ ಬಲ, ಅದೇ ಅದರ ತೊಂದರೆ. ಪ್ರಶ್ನೆಯ ಕೆಳಗೇ ಉತ್ತರ ಅಚ್ಚಾಗಿದ್ದರೆ ಹನ್ನೊಂದು ವರ್ಷದ ಮಗು ಯೋಚಿಸುತ್ತಾ ಕೂರುತ್ತದೆ ಅಂತ ನಿರೀಕ್ಷಿಸುವುದು ಕಷ್ಟ. ಮಕ್ಕಿಕಾಮಕ್ಕಿ ಇಳಿಸಿ ಹೋಂವರ್ಕ್ ಮುಗಿಸುತ್ತದೆ. ಪುಸ್ತಕ ತುಂಬಿರುತ್ತದೆ, ಪರೀಕ್ಷೆಯಲ್ಲಿ ಅಂಕಿ ಬದಲಾದರೆ ಕೈ ನಿಂತುಬಿಡುತ್ತದೆ.

ಹಾಗಂತ ಗೈಡ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಸಂಜೆ ಮಗುವಿನ ಜೊತೆ ಕೂರುವ ಅಮ್ಮನಿಗೋ ಅಜ್ಜನಿಗೋ ಗಣಿತ ಮರೆತುಹೋಗಿರುತ್ತದೆ. ಮಗು ಮಾಡಿದ್ದು ಸರಿಯೋ ತಪ್ಪೋ ನೋಡಲು ಅವರಿಗೆ ಅದು ಬೇಕು. ಆದ್ದರಿಂದ ಗೈಡ್ ದೊಡ್ಡವರ ಕೈಯಲ್ಲಿರಲಿ, ಮಗುವಿನ ಬ್ಯಾಗಿನಲ್ಲಿ ಬೇಡ.

ಎರಡು ಗೈಡುಗಳಲ್ಲಿ ಯಾವುದು ಅಂತ ಆರಿಸಬೇಕಾದರೆ ಅಂಗಡಿಯಲ್ಲೇ ಸರಳ ಸಮೀಕರಣದ ಪುಟ ತೆರೆಯಿರಿ. 3 × □ + 5 = 20 ಅನ್ನುವಂಥ ಲೆಕ್ಕ ಹುಡುಕಿ. ಗೊತ್ತಿಲ್ಲದ ಸಂಖ್ಯೆಯ ಜಾಗದಲ್ಲಿ ನಾನಿಲ್ಲಿ ಚೌಕ ಹಾಕಿದ್ದೇನೆ. ಕೆಲವು ಗೈಡುಗಳು "5 ಅನ್ನು ಪಕ್ಷಾಂತರಿಸಿದಾಗ" (ಅಂದರೆ ಸಮಚಿಹ್ನೆಯ ಆಚೆಗೆ ಒಯ್ದಾಗ) ಅಂತ ಬರೆದು ನೇರ 15ಕ್ಕೆ ಹೋಗುತ್ತವೆ. ಕಾರಣ ಇಲ್ಲದೆ ಕಲಿತ ಈ ನಿಯಮ ಎರಡು ವಾರದಲ್ಲಿ ಮಸುಕಾಗುತ್ತದೆ. ಆಗ ಮಗು 20 + 5 = 25 ಅಂತ ಬರೆದು, ಮೂರರಿಂದ ಭಾಗವಾಗುತ್ತಿಲ್ಲವಲ್ಲ ಅಂತ ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ. ಒಳ್ಳೆಯ ಗೈಡು "ಎರಡೂ ಕಡೆಯಿಂದ 5 ಕಳೆದಾಗ" ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತದೆ, ಕೊನೆಯಲ್ಲಿ 3 × 5 + 5 = 20 ಅಂತ ತಾಳೆಯನ್ನೂ ತೋರಿಸುತ್ತದೆ. ಆ ಒಂದು ಸಾಲು ಇದೆಯಾ ನೋಡಿ. ಕಾಗದ, ಬಣ್ಣ, ಹಿಂದಿನ ರಟ್ಟಿನ ಮೇಲಿನ ಮಾತು ಯಾವುದೂ ಲೆಕ್ಕಕ್ಕಿಲ್ಲ.

ಟೆಲಿಗ್ರಾಂ, ವಾಟ್ಸಾಪ್ ಗುಂಪುಗಳಲ್ಲಿ ಬರುವ ಕೈಬರಹದ ನೋಟ್ಸ್ ಪಿಡಿಎಫ್‌ಗಳಿಗೂ ಇದೇ ಪರೀಕ್ಷೆ ಮಾಡಿ. ಅವುಗಳಲ್ಲಿ ಕೆಲವು ನಿಜಕ್ಕೂ ಅನುಭವಿ ಮೇಷ್ಟ್ರುಗಳು ಶ್ರದ್ಧೆಯಿಂದ ಬರೆದವು. ಕೆಲವು ಮೂರು ಸಲ ಫೋಟೋ ಹೊಡೆದು ಛೇದವೇ ಕಾಣದಂತಾದವು.

ಮಗುವೇ ಬರೆದ ನೋಟ್ಸ್

ನನ್ನ ಮಟ್ಟಿಗೆ ಇವಕ್ಕೆಲ್ಲ ಮೇಲೆ ನಿಲ್ಲುವುದು ಇದು. ಬೋರ್ಡಿನಿಂದ ಅಂದವಾಗಿ ಇಳಿಸಿದ ಫೇರ್ ನೋಟ್ಸ್ ಬಗ್ಗೆ ಹೇಳುತ್ತಿಲ್ಲ. ಪ್ರತಿ ಪಾಠಕ್ಕೆ ಎರಡೇ ಪುಟದ ಸ್ವಂತ ನೋಟ್ಸ್. ಪುಟದ ನಡುವೆ ಒಂದು ಗೆರೆ. ಎಡಗಡೆ ಲೆಕ್ಕದ ಹೆಜ್ಜೆ, ಬಲಗಡೆ ಅದೇ ಸಾಲಿನಲ್ಲಿ ಕಾರಣ, ಮಗುವಿನದೇ ಮಾತಿನಲ್ಲಿ. "ಛೇದ ಬೇರೆ ಇದೆ, ಅದಕ್ಕೇ ಮೊದಲು ಒಂದೇ ಮಾಡಿಕೊಂಡೆ" ಅಂತ ಬರೆದರೆ ಸಾಕು. ಎರಡನೇ ಪುಟದಲ್ಲಿ ಅದೇ ಪಾಠದಲ್ಲಿ ತಾನು ಮಾಡಿದ ಒಂದು ತಪ್ಪು ಲೆಕ್ಕ, ಎಲ್ಲಿ ತಪ್ಪಿತು ಅನ್ನುವ ಟಿಪ್ಪಣಿ. ಪರೀಕ್ಷೆಯ ಹಿಂದಿನ ದಿನ ಓದಲು ಈ ಎರಡನೇ ಪುಟದಷ್ಟು ಉಪಯೋಗ ಇನ್ನೊಂದಿಲ್ಲ.

ಇದಕ್ಕೆ ಸಮಯ ಬೇಕು, ಮೊದಮೊದಲು ದೊಡ್ಡವರು ಪಕ್ಕದಲ್ಲಿ ಕೂರಬೇಕು. ಅಷ್ಟು ಬಿಡುವಿಲ್ಲದ ಮನೆಗಳಿಗೆ ವಾರಕ್ಕೊಂದು ಲೆಕ್ಕ ಹೀಗೆ ಬರೆಸಿದರೂ ನಡೆಯುತ್ತದೆ.

ವರ್ಕ್‌ಬುಕ್, ವರ್ಕ್‌ಶೀಟ್: ಎಷ್ಟು ಲೆಕ್ಕ ಇದೆ ಅಂತಲ್ಲ, ಹೇಗೆ ಬೆರೆಸಿದ್ದಾರೆ ಅಂತ ನೋಡಿ

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಇದರಲ್ಲೇ ಜಾಸ್ತಿ ದುಡ್ಡು ಹೋಗುವುದು. ಮಾರುಕಟ್ಟೆಯ ಬಹುಪಾಲು ವರ್ಕ್‌ಬುಕ್ಕುಗಳಲ್ಲಿ ಒಂದು ಪುಟದ ತುಂಬಾ ಒಂದೇ ಜಾತಿಯ ಲೆಕ್ಕ. ಇಪ್ಪತ್ತು ಸರಳ ಬಡ್ಡಿ, ಮುಂದಿನ ಪುಟದಲ್ಲಿ ಇಪ್ಪತ್ತು ಲಾಭ-ನಷ್ಟ. ಮೊದಲ ಎರಡು ಮಾಡುವಷ್ಟರಲ್ಲಿ ಸೂತ್ರ ಯಾವುದು ಅಂತ ಗೊತ್ತಾಗಿಬಿಡುತ್ತದೆ. ಉಳಿದ ಹದಿನೆಂಟರಲ್ಲಿ ಮಗು ಪ್ರಶ್ನೆ ಓದುವುದೇ ಇಲ್ಲ, ಅಂಕಿ ಹೆಕ್ಕಿ ಹಾಕುತ್ತದೆ. ಪರೀಕ್ಷೆಯಲ್ಲಾದರೆ ಯಾವ ಸೂತ್ರ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಅಮೆರಿಕದ ಫ್ಲಾರಿಡಾದಲ್ಲಿ ಸಂಶೋಧಕ ಡಗ್ ರೋರರ್ ಮತ್ತು ಸಂಗಡಿಗರು ಏಳನೇ ತರಗತಿಯ 54 ಗಣಿತ ಕ್ಲಾಸುಗಳಲ್ಲಿ ಇದನ್ನೇ ಪರೀಕ್ಷಿಸಿದರು. ಫಲಿತಾಂಶ ಪ್ರಕಟವಾದದ್ದು 2020ರಲ್ಲಿ. ಅರ್ಧ ಕ್ಲಾಸುಗಳಿಗೆ ಒಂದೇ ಜಾತಿಯ ಲೆಕ್ಕಗಳ ಹಾಳೆ, ಇನ್ನರ್ಧಕ್ಕೆ ಬೆರಕೆ ಲೆಕ್ಕಗಳ ಹಾಳೆ. ಒಟ್ಟು ಲೆಕ್ಕಗಳು ಅವೇ, ಜೋಡಿಸಿದ ಕ್ರಮ ಮಾತ್ರ ಬೇರೆ. ಒಂದು ತಿಂಗಳ ನಂತರ ಮುನ್ಸೂಚನೆ ಇಲ್ಲದೆ ಪರೀಕ್ಷೆ ಕೊಟ್ಟಾಗ ಬೆರಕೆ ಹಾಳೆಯವರು ಸರಾಸರಿ 61%, ಒಂದೇ ಜಾತಿಯವರು 38%. ನಾನು ಕಲಿಸುವ ಕ್ಲಾಸಿನಲ್ಲೂ ಹೀಗೇ ಕಾಣುತ್ತದೆ. ಬೆರಕೆ ಹಾಳೆ ಕೊಟ್ಟ ದಿನ ಮಕ್ಕಳು ನಿಧಾನ, ತಪ್ಪು ಜಾಸ್ತಿ, ಗೊಣಗಾಟವೂ ಜಾಸ್ತಿ. ಆದರೆ ತಿಂಗಳು ಬಿಟ್ಟು ಕೇಳಿದರೆ ನೆನಪಿರುತ್ತದೆ.

ಆದ್ದರಿಂದ ವರ್ಕ್‌ಬುಕ್ ಆರಿಸುವಾಗ ಪಾಠದ ಕೊನೆಗೆ, ಮೂರು ನಾಲ್ಕು ಪಾಠಗಳ ಕೊನೆಗೆ, ಮಿಶ್ರ ಅಭ್ಯಾಸ ಇದೆಯಾ ನೋಡಿ. ಹೆಜ್ಜೆ ಬರೆಯಲು ಜಾಗ ಬಿಟ್ಟಿದ್ದಾರಾ, ಇಲ್ಲಾ ಉತ್ತರಕ್ಕೆ ಮಾತ್ರ ಒಂದು ಚಿಕ್ಕ ಗೆರೆ ಹಾಕಿದ್ದಾರಾ? ಉತ್ತರಗಳು ಪುಸ್ತಕದ ಕೊನೆಯಲ್ಲಿದ್ದರೆ ಒಳ್ಳೆಯದು. ಈಗಾಗಲೇ ತಂದಿಟ್ಟ ವರ್ಕ್‌ಬುಕ್ ಒಂದೇ ಜಾತಿಯದಾಗಿದ್ದರೆ ಎಸೆಯಬೇಡಿ. ನೀವೇ ಬೆರೆಸಿ. ಇವತ್ತು ಎಂಟನೇ ಪುಟದ ಎರಡು, ಹನ್ನೆರಡನೇ ಪುಟದ ಎರಡು, ಹಳೆಯ ಪಾಠದ್ದೊಂದು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟರೆ ಆಯಿತು. ಇನ್ನೂ ಕಲಿಯುತ್ತಿರುವ ಹೊಸ ಪಾಠಕ್ಕೆ ಮಾತ್ರ ಮೊದಲ ಮೂರ್ನಾಲ್ಕು ಲೆಕ್ಕ ಒಂದೇ ತರಹದವು ಇರಲಿ.

ಆ್ಯಪ್, ವಿಡಿಯೋ

ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ದರೆ ಸರ್ಕಾರದ ದೀಕ್ಷಾ ಆ್ಯಪಿನಿಂದ ಸ್ಕ್ಯಾನ್ ಮಾಡಿ, ಅದೇ ಪಾಠದ ವಿಡಿಯೋ ತೆರೆದುಕೊಳ್ಳುತ್ತದೆ. ಉಚಿತ. ಇಳಿಸಿಟ್ಟುಕೊಂಡರೆ ನೆಟ್ ಇಲ್ಲದಾಗಲೂ ನೋಡಬಹುದು, ನೆಟ್‌ವರ್ಕ್ ಸರಿಯಿಲ್ಲದ ಊರುಗಳಿಗೆ ಇದು ದೊಡ್ಡ ಉಪಕಾರ. ಖಾನ್ ಅಕಾಡೆಮಿಯೂ ಉಚಿತ, ಕನ್ನಡದಲ್ಲೂ ಇದೆ. ವಿಡಿಯೋ ಜೊತೆಗೆ ಅಭ್ಯಾಸವೂ ಇರುವುದು, ತಪ್ಪಾದರೆ ಸುಳಿವು ಕೊಡುವುದು ಅದರ ಒಳ್ಳೆಯ ಗುಣ. ಎರಡರಲ್ಲಿ ಒಂದು ಹೇಳಿ ಅಂದರೆ: ಶಾಲೆಯ ಪಾಠ ತಪ್ಪಿಸಿಕೊಂಡ ಮಗುವಿಗೆ ದೀಕ್ಷಾ, ಹಿಂದಿನ ತರಗತಿಯ ವಿಷಯವೇ ಬಾರದ ಮಗುವಿಗೆ ಖಾನ್ ಅಕಾಡೆಮಿ. ಏಳನೇ ತರಗತಿಯ ಮಗು ಯಾರಿಗೂ ತಿಳಿಯದ ಹಾಗೆ ನಾಲ್ಕನೇ ತರಗತಿಯ ಭಿನ್ನರಾಶಿಗೆ ಹೋಗಿ ಕಲಿತು ಬರಬಹುದು. ಕ್ಲಾಸಿನಲ್ಲಿ ಎಲ್ಲರ ಮುಂದೆ ಅದನ್ನು ಕೇಳಲು ಮಕ್ಕಳಿಗೆ ನಾಚಿಕೆ.

ಎಲ್ಲ ಆ್ಯಪುಗಳಿಗೂ ಇರುವ ಕೊರತೆ ಒಂದೇ. ಮಗು ಉತ್ತರ ಒತ್ತುತ್ತದೆ, ಹೆಜ್ಜೆ ಬರೆಯುವುದಿಲ್ಲ. ಫೋನಿನ ಪಕ್ಕದಲ್ಲಿ ರಫ್ ಪುಸ್ತಕ ಇರಲೇಬೇಕು. ವಿಡಿಯೋ ಆದರೆ ಲೆಕ್ಕ ಬೋರ್ಡಿನ ಮೇಲೆ ಬಂದ ಕೂಡಲೇ ನಿಲ್ಲಿಸಿ, ತಾನು ಬಿಡಿಸಿ, ಆಮೇಲೆ ಮುಂದುವರಿಸಲಿ. ಸುಮ್ನೆ ನೋಡಿದರೆ ಎಲ್ಲ ಅರ್ಥವಾದ ಹಾಗೇ ಇರುತ್ತದೆ.

ಕೈಯಲ್ಲಿ ಹಿಡಿದು ನೋಡುವಂಥವು

3/7 ಬರೆದ ಮಗುವಿಗೆ ನಾನು ಮೊದಲು ಕೊಡುವುದು ಚೌಕುಳಿ ಹಾಳೆ. 12 ಮನೆಗಳ ಒಂದು ಪಟ್ಟಿ ಕತ್ತರಿಸಲಿ. ಅದರ 2/3 ಅಂದರೆ 8 ಮನೆ, ಹಸಿರು ಬಳಿಯಲಿ. 1/4 ಅಂದರೆ 3 ಮನೆ, ಕೆಂಪು ಬಳಿಯಲಿ. ಬಣ್ಣ ಬಿದ್ದದ್ದು 11 ಮನೆ, ಉಳಿದದ್ದು ಒಂದೇ ಮನೆ. 11/12. ಅದೇ ಪಟ್ಟಿಯಲ್ಲಿ 3/7 ಎಲ್ಲಿ ಬರಬಹುದು ಅಂತ ಅಂದಾಜಿಗೆ ಬೆರಳಿಡಲು ಹೇಳಿ. ನಡುವಿಗಿಂತ ಹಿಂದೆ ಇಡುತ್ತದೆ, ಇಟ್ಟು ನಿಮ್ಮ ಮುಖ ನೋಡುತ್ತದೆ. ಖರ್ಚು ಒಂದು ಹಾಳೆ.

ಸರ್ಕಾರಿ ಶಾಲೆಗಳಿಗೆ 'ಗಣಿತ ಕಲಿಕಾ ಆಂದೋಲನ'ದಲ್ಲಿ ಅಕ್ಷರ ಫೌಂಡೇಶನ್ ರೂಪಿಸಿದ ಗಣಿತ ಕಿಟ್ ಹೋಗಿದೆ. ಅದು ನಾಲ್ಕು-ಐದನೇ ತರಗತಿಗೆ ಅಂತ ಬಂದದ್ದು. ಆದರೆ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ಏಳನೆಯವರೂ ಅದೇ ಕಟ್ಟಡದಲ್ಲಿ ಇರುತ್ತಾರಲ್ಲ. ಭಿನ್ನರಾಶಿ ಪಟ್ಟಿಗಳನ್ನು ಅವರಿಗೂ ಬಳಸಿಕೊಡಿ ಅಂತ ಮೇಷ್ಟ್ರನ್ನು ಕೇಳಲು ಹಿಂಜರಿಯಬೇಡಿ.

ಹಾಗಾದರೆ ಯಾರಿಗೆ ಏನು?

ವಿಷಯವೇ ತಿಳಿಯದ ಮಗುವಿಗೆ: ಚೌಕುಳಿ ಹಾಳೆ, ಹಿಂದಿನ ತರಗತಿಯ ಪಠ್ಯಪುಸ್ತಕ, ಕನ್ನಡದ ವಿಡಿಯೋ. ಒಂದು ತಿಂಗಳು ವರ್ಕ್‌ಬುಕ್ ಮುಟ್ಟಬೇಡಿ.

ಗೊತ್ತಿದ್ದೂ ತಪ್ಪುವ ಮಗುವಿಗೆ: ದಿನಾ ಸ್ವಲ್ಪ ಮಗ್ಗಿ, ದಿನಕ್ಕೆ ಐದಾರು ಬೆರಕೆ ಲೆಕ್ಕ. ಒಂದೇ ವರ್ಕ್‌ಬುಕ್, ಮುಗಿಸುವ ತನಕ ಇನ್ನೊಂದು ಬೇಡ.

ಪ್ರಶ್ನೆಯೇ ಅರ್ಥವಾಗದ ಮಗುವಿಗೆ: ಪಠ್ಯಪುಸ್ತಕದ ಮಾತಿನ ಲೆಕ್ಕಗಳನ್ನು ಬಿಡಿಸದೆ ಬರೀ ಓದಿಸಿ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ಬಾಯಲ್ಲಿ ಹೇಳಿಸಿ. ಅಂಗಡಿ ಬಿಲ್ಲು, ಕರೆಂಟ್ ಬಿಲ್ಲು, ಸಂಘದ ಸಾಲದ ಪುಸ್ತಕ ಕೈಗೆ ಕೊಟ್ಟು ಪ್ರಶ್ನೆ ಮಾಡಲು ಹೇಳಿ. ಪ್ರಶ್ನೆ ಕಟ್ಟಲು ಬಂದ ಮೇಲೆ ಬಿಡಿಸುವುದು ಕಷ್ಟವಾಗುವುದಿಲ್ಲ.

ಎಂಟನೇ ತರಗತಿಯವರಿಗೆ ಇನ್ನೊಂದು ಮಾತು. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿದ್ದು, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದ ಒಳಗಿದ್ದರೆ ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಬರೆಸಿ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಎರಡು ಪತ್ರಿಕೆ, ತಲಾ 90 ಅಂಕ. ವಿಷಯದ ಪತ್ರಿಕೆಯಲ್ಲಿ ಗಣಿತಕ್ಕೆ 20 ಅಂಕ. ಇನ್ನೊಂದು ಪತ್ರಿಕೆ ಮಾನಸಿಕ ಸಾಮರ್ಥ್ಯದ್ದು. ಸಂಖ್ಯಾ ಸರಣಿ, ಗುಂಪಿಗೆ ಸೇರದ್ದು, ಸಂಕೇತ ಬಿಡಿಸುವುದು ಇಂಥವೆಲ್ಲ ಅದರಲ್ಲಿ ಬರುತ್ತವೆ. ಇವು ಪಠ್ಯಪುಸ್ತಕದಲ್ಲೂ ಗೈಡಿನಲ್ಲೂ ಸಿಗುವುದಿಲ್ಲ. ಇದಕ್ಕೆ ಮಾತ್ರ ಬೇರೆ ಅಭ್ಯಾಸ ಪುಸ್ತಕ ಬೇಕೇಬೇಕು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಸಿಕ್ಕರೆ ಇನ್ನೂ ಒಳ್ಳೆಯದು. ಒಂದೊಂದು ಪತ್ರಿಕೆಗೂ ಇರುವುದು ಒಂದೂವರೆ ಗಂಟೆ, ಅಂದರೆ ಪ್ರಶ್ನೆಗೊಂದು ನಿಮಿಷ. ಶುರುವಿನಲ್ಲೇ ಗಡಿಯಾರ ಇಡಬೇಡಿ. ಪ್ರಶ್ನೆಯ ಬಗೆಗಳು ಪರಿಚಯವಾದ ಮೇಲೆ ವಾರಕ್ಕೊಂದು ಪತ್ರಿಕೆಯನ್ನು ಸಮಯ ನೋಡಿಕೊಂಡು ಬರೆಸಿ.